ಮುಧೋಳ ನಾಯಿಯೂ ನನ್ನ ಸರಪಳಿಯೂ

ಈ ವಾರ ಇಬ್ಬರು ಫೋನ್ ಮಾಡಿ, "ತೋಟ ಕಾಯಾಕ ಮುಧೋಳ ನಾಯಿ ಹೆಂಗ್ರಿ?" ಅಂದರು. ಅದಕ್ಕ ಬರೀತೀನಿ.

ಈ ತಳಿ ಹುಟ್ಟಿದ್ದು ಗೇಟ್ ಕಾಯಾಕ ಅಲ್ಲ, ಬಯಲಾಗ ಮೊಲದ ಬೆನ್ನು ಹತ್ತಾಕ. ಮೂಗಿಗಿಂತ ಕಣ್ಣು ಚುರುಕು. ಹಳ್ಳಿ ಮಂದಿ ಸಾಕಿದ್ದ ಈ ನಾಯಿಗಳನ್ನು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಬೆಳೆಸಿ, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರು. ಹೆಸರು ದೂರ ಹೋತು.

1972ರಾಗ ವನ್ಯಜೀವಿ ಕಾಯ್ದೆ ಬಂತು. ಬೇಟೆ ನಿಲ್ಲಬೇಕಾದದ್ದೇ, ನಿಂತಿತು. ಆದರ ಓಡೋ ನಾಯಿಗೆ ಕೆಲಸ ಇಲ್ಲದಂಗಾತು. ನಾವು ತಂದು ಗೂಟಕ್ಕ ಕಟ್ಟಿದಿವಿ. 2005ರಾಗ ಅಂಚೆಚೀಟಿ ಮೇಲೆ ಬಂತು, 2016ರಾಗ ಸೈನ್ಯದವರು ತರಬೇತಿಗೆ ಮೀರತ್‌ಗೆ ಒಯ್ದರು. ನಮ್ಮ ಹಿತ್ತಲಾಗ ಮಾತ್ರ ಸರಪಳಿ ಬಿಚ್ಚಲಿಲ್ಲ.

ನಾನೂ ಎರಡು ವರ್ಷ ಹಗಲೂ ರಾತ್ರಿ ಕಟ್ಟಿದ್ದೆ. ಕುತ್ತಿಗೆ ಹುಣ್ಣಾತು, ಸ್ವಭಾವ ಸಿಡುಕಾತು. ಒಂದಿನ ನನ್ನ ಮೊಮ್ಮಗನ ಕೈಗೇ ಬಾಯಿ ಹಾಕಿತು. ಆಸ್ಪತ್ರೆಗೆ ಓಡಿ ಸೂಜಿ ಹಾಕಿಸಿದಿವಿ. ಮಾರಿಬಿಡೋಣ ಅಂದೆ. ಹೆಂಡತಿ, "ನಿನ್ನ ಕಟ್ಟಿ ಹಾಕಿದ್ರ ನೀನೂ ಕಚ್ತಿದ್ದಿ" ಅಂದಳು.

ಮರುದಿನದಿಂದ ಮುಂಜಾನೆ, ಸಂಜೆ ಬೇಲಿ ಹಾಕಿದ ಬೀಳು ಹೊಲದಾಗ ಬಿಟ್ಟೆ. ತಿಂಗಳೊಳಗ ಬ್ಯಾರೆ ನಾಯಿನೇ ಆತು. ಈಗ ರಾತ್ರಿ ತೋಟದಾಗ ಸುತ್ತಾಡತದ, ಸಪ್ಪಳಾದರ ಎಬ್ಬಿಸತದ.

ತರೋದಾದರ ನೆನಪಿರಲಿ: ಪಕ್ಕೆಲುಬು ಸ್ವಲ್ಪ ಕಂಡರ ಸೊರಗೇದ ಅಂತ ತಿಳೀಬ್ಯಾಡ್ರಿ, ಮೈಕಟ್ಟೇ ಹಂಗ. ಉಂಡ ಕೂಡಲೇ ಓಡಿಸಬ್ಯಾಡ್ರಿ. ಮೈಯಾಗ ಕೊಬ್ಬು ಕಡಿಮಿ, ಚಳಿಗಾಲಕ್ಕ ಗೋಣಿಚೀಲ ಹಾಸ್ರಿ. ರೇಬೀಸ್ ಲಸಿಕೆ ತಪ್ಪಿಸಬ್ಯಾಡ್ರಿ. ಓಡಾಕ ಜಾಗ ಇಲ್ಲದಿದ್ದರ, ದಯವಿಟ್ಟು ತರಬ್ಯಾಡ್ರಿ.