ಮೂರು ಆಯಾಮದ ದತ್ತಾಂಶ: ಗ್ರಂಥಾಲಯಗಳು ಏನನ್ನು ಕಾಪಾಡುತ್ತವೆ?

ಒಂದು ವಸ್ತುವಿನ ಉದ್ದ, ಅಗಲ, ಆಳ ಮೂರನ್ನೂ ಅಳೆದು ಕಂಪ್ಯೂಟರಿನಲ್ಲಿ ಇಟ್ಟ ದಾಖಲೆಗೆ ಮೂರು ಆಯಾಮದ ದತ್ತಾಂಶ ಅಥವಾ ತ್ರೀಡಿ ದತ್ತಾಂಶ ಎನ್ನುತ್ತಾರೆ. ವಸ್ತು ಶಾಸನವಿರಬಹುದು, ಮೂಳೆಯಿರಬಹುದು, ಮಡಕೆಯ ಚೂರೂ ಇರಬಹುದು. ನಮಗೆ ಹತ್ತಿರದ ಉದಾಹರಣೆ ಬೆಂಗಳೂರಿನ ಮಿಥಿಕ್ ಸೊಸೈಟಿಯದು. 2021ರಿಂದ ಆ ಸಂಸ್ಥೆ ಬೆಂಗಳೂರು ಸುತ್ತಲಿನ ಶಿಲಾಶಾಸನಗಳನ್ನು ಹೀಗೆ ಸ್ಕ್ಯಾನ್ ಮಾಡುತ್ತಿದೆ. ಬಿ.ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ ಆ ಜಿಲ್ಲೆಯ ಕಲ್ಲುಗಳಲ್ಲಿ ಎಷ್ಟೋ ಈಗ ಇಲ್ಲ. ಕಲ್ಲು ಹೋದ ಮೇಲೆ ಉಳಿಯುವುದು ದಾಖಲೆಯೊಂದೇ.

ಆ ದಾಖಲೆಯೂ ಹೋಗಬಹುದು, ಕಲ್ಲಿಗಿಂತ ಬೇಗ. ಕಾಗದದ ಪಡಿಯಚ್ಚನ್ನು ನೂರು ವರ್ಷದ ನಂತರವೂ ಬೀರುವಿನಿಂದ ತೆಗೆದು ಓದಬಹುದು. ಕಂಪ್ಯೂಟರ್ ಕಡತ ಹಾಗಲ್ಲ. ತ್ರೀಡಿ ಮಾದರಿಗಳಿಗೆಂದು ಗೂಗಲ್ 2017ರಲ್ಲಿ ತೆರೆದ ‘ಪಾಲಿ’ ತಾಣ 2021ರ ಜೂನ್ 30ಕ್ಕೆ ಮುಚ್ಚಿತು. ನಾಲ್ಕೇ ವರ್ಷ! ಇಂಥ ಕಾರಣಕ್ಕೇ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಈ ಹೊಣೆ ಹೊರತೊಡಗಿವೆ. ಏನನ್ನು, ಹೇಗೆ ಕಾಪಾಡಬೇಕು ಎಂದು ಅಮೆರಿಕದ ಗ್ರಂಥಪಾಲಕರೂ ಸಂಶೋಧಕರೂ ಕೂಡಿ ಬರೆದ ಪುಸ್ತಕವನ್ನು 2022ರಲ್ಲಿ ಅಲ್ಲಿನ ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘ ಪ್ರಕಟಿಸಿದೆ.

ಪರದೆಯ ಮೇಲೆ ತಿರುಗಿಸಿ ನೋಡುವ ಮಾದರಿ ಇಡೀ ಕೆಲಸದ ಕೊನೆಯ ಹಂತ. ಅದಕ್ಕೆ ಮೊದಲು ಸುತ್ತಲಿಂದ ತೆಗೆದ ನೂರಾರು ಫೋಟೊ ಅಥವಾ ಸ್ಕ್ಯಾನರ್ ಕೊಟ್ಟ ಮೂಲ ಅಳತೆಗಳು ಇರುತ್ತವೆ. ಅವನ್ನು ಜೋಡಿಸಿ, ತೂತು ಮುಚ್ಚಿ, ನಯಮಾಡಿ ಮಾದರಿ ತಯಾರಿಸುತ್ತಾರೆ. ನಯಮಾಡುವಾಗ ಸವೆದ ಅಕ್ಷರವೇ ಅಳಿಸಿಹೋದರೆ? ಮೂಲ ಫೋಟೊಗಳಿದ್ದರೆ ಮುಂದಿನವರು ಮತ್ತೆ ಕಟ್ಟಿ ನೋಡಬಹುದು. ಜಾಗ ಉಳಿಸಲೆಂದು ಮೊದಲು ಅಳಿಸುವುದು ಅವನ್ನೇ, ಅದು ದೊಡ್ಡ ತಪ್ಪು.

ಇನ್ನೊಂದು ತೊಡಕು ಅಳತೆಯದು. ಎಸ್‌ಟಿಎಲ್ ಎಂಬ ಬಹುಬಳಕೆಯ ಕಡತದಲ್ಲಿ ಅಂಕಿಗಳಿರುತ್ತವೆ, ಆದರೆ ಅವು ಮಿಲಿಮೀಟರೋ ಅಂಗುಲವೋ ಎಂದು ಅದು ಹೇಳುವುದಿಲ್ಲ. ಒಬಿಜೆ ಕಡತದ ಬಣ್ಣ ಬೇರೆ ಚಿತ್ರಕಡತದಲ್ಲಿರುತ್ತದೆ. ಅದು ತಪ್ಪಿಹೋದರೆ ಕಲ್ಲು ಬರೀ ಬೂದು. ಲಗತ್ತು ಇಲ್ಲದ ಪತ್ರವನ್ನು ಟಪ್ಪಾಲಿನಲ್ಲಿ ಪಡೆದ ಗುಮಾಸ್ತರಿಗೆಲ್ಲ ಈ ಪಾಡು ಗೊತ್ತು. ಹೀಗಾಗಿ ಯಾರು, ಎಂದು, ಯಾವ ಯಂತ್ರದಿಂದ ಸ್ಕ್ಯಾನ್ ಮಾಡಿದರು, ಆಮೇಲೆ ಏನೇನು ತಿದ್ದಿದರು, ಬಳಸುವ ಹಕ್ಕು ಯಾರದು ಎಂಬುದನ್ನು ಗ್ರಂಥಾಲಯ ಕಡತದ ಜೊತೆಗೇ ಬರೆದಿಡುತ್ತದೆ. ಪ್ರತಿಗಳನ್ನು ಬೇರೆ ಬೇರೆ ಊರಿನಲ್ಲಿಟ್ಟು, ಕೆಟ್ಟಿಲ್ಲವೇ ಎಂದು ಆಗಾಗ ತಾಳೆ ನೋಡುತ್ತದೆ.

ಇದು ದೊಡ್ಡ ಪ್ರಮಾಣದಲ್ಲಿ ನಡೆಯುವುದನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮಾರ್ಫೊಸೋರ್ಸ್ ಭಂಡಾರದಲ್ಲಿ ಕಾಣಬಹುದು. 18 ಸಂಸ್ಥೆಗಳು ಕೂಡಿ 2017ರಿಂದ 2023ರವರೆಗೆ ಸ್ಕ್ಯಾನ್ ಮಾಡಿದ 13,000ಕ್ಕೂ ಹೆಚ್ಚು ಕಶೇರುಕ ಪ್ರಾಣಿಗಳ ಮಾದರಿಗಳು ಅಲ್ಲಿ ಸೇರಿವೆ. ಯಾವ ಸ್ಕ್ಯಾನ್ ಯಾವ ವಸ್ತುಸಂಗ್ರಹಾಲಯದ ಯಾವ ಪ್ರಾಣಿಯದು ಎಂಬ ಕೊಂಡಿ ತಪ್ಪದಂತೆ ಇಟ್ಟಿದ್ದಾರೆ.

ನಮ್ಮ ಗಡಿ ಊರುಗಳ ಹೊಲದ ಬದುವಿನಲ್ಲಿ, ಗುಡಿಯ ಹಿಂದೆ ನಿಂತ ಕಲ್ಲುಗಳನ್ನು ಈಗ ಹುಡುಗರು ಫೋನಿನಲ್ಲೇ ಸ್ಕ್ಯಾನ್ ಮಾಡುತ್ತಾರೆ. ಮಾಡುವವರು ಕಲ್ಲಿನ ಪಕ್ಕ ಒಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಲಿ. ಊರು, ಸರ್ವೆ ನಂಬರು, ದಿನಾಂಕ ಬರೆದು ಎಲ್ಲ ಫೋಟೊಗಳ ಎರಡು ಪ್ರತಿ ಮಾಡಿ, ಒಂದನ್ನು ಹತ್ತಿರದ ಕಾಲೇಜಿನ ಗ್ರಂಥಪಾಲಕರಿಗೆ ಕೊಟ್ಟು ಸ್ವೀಕೃತಿ ಪಡೆಯಲಿ.