ಪಂಚಾಯತಿಯ ಪೀಠದಲ್ಲಿ ಒಬ್ಬ ಉಪಾಧ್ಯಾಯ

ನಮ್ಮ ರಾಯಕೋಟೆಯ ಬೆಟ್ಟದ ಮೇಲಿನ ದುರ್ಗವನ್ನು ಕುಂಪಣಿಯ ಸೇನೆಯು 1791ರಲ್ಲಿ ಟಿಪ್ಪುವಿನ ದಂಡಿನಿಂದ ಕಸಿದುಕೊಂಡಿತೆಂಬುದನ್ನೂ, ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಂತೆ ಬಾರಾಮಹಲ್ ಸೀಮೆಯು ಕುಂಪಣಿಯ ಪಾಲಾಯಿತೆಂಬುದನ್ನೂ ನಮ್ಮ ವಿದ್ಯಾರ್ಥಿಗಳು ತಡವರಿಸದೆ ಹೇಳಬಲ್ಲರು. ಆದರೆ ಬೆಟ್ಟದ ಬುಡದಲ್ಲಿರುವ ಶಾಲೆಗಳನ್ನು ಇದುವರೆಗೆ ಆಳಿದವರು ಯಾರು, ಅವರನ್ನು ಆರಿಸಿದವರು ಯಾರು ಎಂದು ಕೇಳಿದರೆ ಮಕ್ಕಳ ಮಾತು ಹಾಗಿರಲಿ, ಉಪಾಧ್ಯಾಯರಾದ ನಾವೂ ಉತ್ತರಕ್ಕಾಗಿ ತಡಕಾಡಬೇಕಾಗುತ್ತದೆ. ಕೋಟೆ ಹಿಡಿದವರ ಚರಿತ್ರೆ ಪಠ್ಯಪುಸ್ತಕಕ್ಕೆ ಬಂದಿತು. ಶಾಲೆ ನಡೆಸಿದವರ ಚರಿತ್ರೆ ಬರಲಿಲ್ಲ. ಆ ಕೊರತೆಯನ್ನು ಎಳ್ಳಷ್ಟಾದರೂ ತುಂಬಬೇಕೆಂಬುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಮನೆಯ ಲೆಕ್ಕವನ್ನೇ ನೋಡೋಣ. ರಾಯಕೋಟೆಯು ಬಹುಕಾಲ ಸೇಲಂ ಜಿಲ್ಲೆಗೆ ಸೇರಿದ್ದಿತು. 1965ರಲ್ಲಿ ಧರ್ಮಪುರಿ ಜಿಲ್ಲೆಗೂ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿತು. ಮದರಾಸು ಆಧಿಪತ್ಯದಲ್ಲಿ 1884ರ ಸ್ಥಳೀಯ ಬೋರ್ಡುಗಳ ಕಾಯ್ದೆಯಿಂದ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳು ನೆಲೆಗೊಂಡವು. 1920ರಲ್ಲಿ ಹೊಸ ಬೋರ್ಡು ಕಾಯ್ದೆಯೂ ಪ್ರಾಥಮಿಕ ವಿದ್ಯಾಭ್ಯಾಸದ ಕಾಯ್ದೆಯೂ ಒಟ್ಟಿಗೆ ಬಂದವು. ಮತ ಹಾಕುವ ಹಕ್ಕು ಮಾತ್ರ ಕಂದಾಯ ಕೊಡುವ ಕೆಲವರಿಗಷ್ಟೆ ಇದ್ದಿತು. 1934ರಲ್ಲಿ ತಾಲ್ಲೂಕು ಬೋರ್ಡುಗಳು ರದ್ದಾದವು. 1958ರ ಪಂಚಾಯತಿ ಕಾಯ್ದೆ ಬಂದ ಮೇಲೆ ಜಿಲ್ಲಾ ಬೋರ್ಡುಗಳೂ ಮುಗಿದು, ಹಳ್ಳಿಯ ಪ್ರಾಥಮಿಕ ಶಾಲೆಗಳು ಪಂಚಾಯತ್ ಯೂನಿಯನ್ನುಗಳ ಕೈಗೆ ಬಂದವು. ಇಂದಿಗೂ ನಮ್ಮ ಜನರು ಅವನ್ನು 'ಯೂನಿಯನ್ ಶಾಲೆ' ಎಂದೇ ಕರೆಯುವರು. ಆದರೆ 1981ರಲ್ಲಿ ಆ ಶಾಲೆಗಳ ಉಪಾಧ್ಯಾಯರು ರಾಜ್ಯ ಸರಕಾರದ ನೌಕರರಾದರು. ಹೆಸರು ಯೂನಿಯನ್ನಿನದಾಗಿ ಉಳಿಯಿತು. ಆಡಳಿತದ ಸೂತ್ರ ಇಲಾಖೆಯದಾಯಿತು. ಸಂಬಳ ತಿಂಗಳಿಗೆ ಸರಿಯಾಗಿ ಕೈಸೇರುವಂತಾದುದು ಸಣ್ಣ ಲಾಭವಲ್ಲ. ಆದರೂ ಊರಿನವರು ಆರಿಸಿದ ಒಬ್ಬ ಸದಸ್ಯನು ಶಾಲೆಯ ಬಾಗಿಲಿಗೆ ಬಂದು 'ಏನು ಕೊರತೆ?' ಎಂದು ಕೇಳುವ ಪದ್ಧತಿಯು ಅದರೊಡನೆ ಸಡಿಲವಾಯಿತೆಂಬುದನ್ನು ಮರೆಯಲಾಗದು.

ಊರಿನ ಪೀಠದಲ್ಲಿ ಕುಳಿತವನು ಶಾಲೆಯನ್ನು ಬಲ್ಲವನಾದರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಇನ್ನೊಂದು ಗಡಿನಾಡಿನತ್ತ ಕಣ್ಣು ಹಾಯಿಸಿದೆವು. ಅದು ಕಾಸರಗೋಡು. ದೂರದ ಸೀಮೆಯೆಂದು ಓದುಗರು ಹುಬ್ಬೇರಿಸಬಾರದು. ಆ ತಾಲ್ಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ 1956ರ ವರೆಗೆ ನಮ್ಮಂತೆಯೇ ಮದರಾಸು ರಾಜ್ಯದಲ್ಲಿದ್ದಿತು. ಅಲ್ಲಿಯೂ ಇಲ್ಲಿಯೂ ಒಂದೇ ಕಾಯ್ದೆ, ಒಂದೇ ಬಗೆಯ ಬೋರ್ಡು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ನಾವು ಮದರಾಸಿನಲ್ಲಿಯೇ ಉಳಿದೆವು. ಕಾಸರಗೋಡಿನವರು ಕೇರಳಕ್ಕೆ ಸೇರಿದರು. ಕನ್ನಡ ಶಾಲೆಯ ಮಟ್ಟಿಗೆ ಇಬ್ಬರ ಸಮಸ್ಯೆಯೂ ಒಂದೇ ಆಯಿತು.

ಆ ಸೀಮೆಯಲ್ಲಿ ಉಪಾಧ್ಯಾಯರಾಗಿದ್ದುಕೊಂಡೇ ಹದಿನೈದು ವರ್ಷಗಳ ಕಾಲ ಬದಿಯಡ್ಕ ಗ್ರಾಮ ಪಂಚಾಯತಿಯ ಅಧ್ಯಕ್ಷರಾಗಿದ್ದ ಮಹನೀಯರೊಬ್ಬರಿದ್ದರು. ಅವರೇ ಕಯ್ಯಾರ ಕಿಞ್ಞಣ್ಣ ರೈಗಳು. ಕವಿಯೆಂದು ಅವರನ್ನು ಕನ್ನಡ ನಾಡೆಲ್ಲ ಬಲ್ಲುದು. ಪಂಚಾಯತಿಯ ಅಧ್ಯಕ್ಷರೆಂದು ಬಲ್ಲವರು ಕಡಿಮೆ. ಹಾಗಾಗಿ ಅವರ ಜೀವನದ ಈ ಮುಖವನ್ನು ಎತ್ತಿ ಹೇಳುವುದು ಉಚಿತವೆಂದು ನಮಗೆ ತೋರಿತು.

ರೈಗಳು ಹುಟ್ಟಿದುದು 1915ರ ಜೂನ್ 8ರಂದು, ಕಯ್ಯಾರು ಎಂಬ ಹಳ್ಳಿಯಲ್ಲಿ. ಮನೆಮಾತು ತುಳು, ಕಲಿತ ಭಾಷೆ ಕನ್ನಡ, ಸಂಸ್ಕೃತ, ನೆರೆಯ ಭಾಷೆ ಮಲಯಾಳ. ಹನ್ನೆರಡನೆಯ ವಯಸ್ಸಿಗೇ ಅವರು 'ಸುಶೀಲಾ' ಎಂಬ ಕೈಬರಹದ ಪತ್ರಿಕೆಯನ್ನು ಹೊರಡಿಸಿದರು. ಕಲ್ಲಚ್ಚಿನಂತಹ ಮಾಸಿದ ಅಕ್ಷರಗಳಲ್ಲಿ ಹೊರಡುವ ನಮ್ಮ ಈ ಪತ್ರಿಕೆಯನ್ನು ಕಂಡು ನಗುವವರಿದ್ದರೆ, ಅಂತಹವರಿಗೆ ಈ ಸಂಗತಿಯನ್ನು ಹೇಳಬಹುದು. ತಾರುಣ್ಯದಲ್ಲಿ ರಾಷ್ಟ್ರೀಯ ಚಳವಳಿಯ ಸಂಪರ್ಕವಾಯಿತು. ಕೆಲಕಾಲ ಪತ್ರಿಕೆಗಳಲ್ಲಿ ದುಡಿದರು. ಕೊನೆಗೆ ನೆಲೆನಿಂತುದು ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ, ಉಪಾಧ್ಯಾಯರಾಗಿ. ಶಾಲೆಯ ಹೊತ್ತು ಮುಗಿದರೆ ಹೊಲದ ಕೆಲಸ. ತಮ್ಮ ಆತ್ಮಕಥೆಗೆ ಅವರು ದುಡಿತವನ್ನೇ ದೇವರೆಂದು ಹೇಳುವ ಹೆಸರನ್ನಿಟ್ಟುದು ಬರಿಯ ಅಲಂಕಾರಕ್ಕಲ್ಲ.

1956ರ ವಿಭಜನೆಯು ಅವರನ್ನು ಸುಮ್ಮನೆ ಕೂರಗೊಡಲಿಲ್ಲ. ಕಾಸರಗೋಡು ಕೇರಳಕ್ಕೆ ಹೋದುದನ್ನು ಕುರಿತು ಅವರು ಬರೆದ ಕವಿತೆಯು ಊರೂರಿನ ಸಭೆಗಳಲ್ಲಿ ಮೊಳಗಿತು. ಜನಾಭಿಪ್ರಾಯವು ಮತಪೆಟ್ಟಿಗೆಯಲ್ಲಿಯೂ ಪ್ರಕಟವಾಯಿತು. 1957ರಲ್ಲಿ ಕೇರಳದ ಪ್ರಥಮ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶರಾಯರು ಅವಿರೋಧವಾಗಿ ಆಯ್ಕೆಯಾದರು. 1960ರಲ್ಲಿ ಅದೇ ಕ್ಷೇತ್ರದಿಂದ ಕರ್ನಾಟಕ ಸಮಿತಿಯ ಪರವಾಗಿ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು. 1966ರಲ್ಲಿ ಕೇಂದ್ರ ಸರಕಾರವು ಮಹಾಜನ ಆಯೋಗವನ್ನು ನೇಮಿಸಿತು. 1967ರ ವರದಿಯಲ್ಲಿ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ವರದಿ ಕಪಾಟಿನಲ್ಲಿ ಉಳಿಯಿತು. ಗಡಿ ಇದ್ದಲ್ಲಿಯೇ ಉಳಿಯಿತು. ಎಷ್ಟು ಮತಗಳು ಬಿದ್ದರೂ ಹಳ್ಳಿಯವರ ಕೈಯಿಂದ ಗಡಿಕಲ್ಲು ಒಂದು ಗೇಣೂ ಸರಿಯಲಿಲ್ಲ.

ಆದರೆ ಗಡಿಕಲ್ಲು ಸರಿಯುವ ವರೆಗೆ ಮಕ್ಕಳು ಬೆಳೆಯದೆ ನಿಲ್ಲುವರೇ? ಅವರು ನಾಳೆ ಬೆಳಗ್ಗೆಯೇ ಶಾಲೆಗೆ ಬರಬೇಕು. ಯಾವುದೋ ಒಂದು ಭಾಷೆಯಲ್ಲಿ ಪಾಠ ಕೇಳಬೇಕು. ರೈಗಳ ದೊಡ್ಡತನವಿರುವುದು ಈ ಎರಡನೆಯ ಕೆಲಸವನ್ನು ಮೊದಲನೆಯದಕ್ಕಾಗಿ ಕೈಬಿಡದುದರಲ್ಲಿ.

ಇಲ್ಲಿ ಪಂಚಾಯತಿಯ ಚುನಾವಣೆಯ ಬಗೆಯನ್ನು ಸ್ವಲ್ಪ ತಿಳಿಯಬೇಕು. ಕೇರಳದ ಪಂಚಾಯತಿ ಕಾಯ್ದೆಯು 1960ರದು. ಅದರಂತೆ ಚುನಾವಣೆ ನಡೆದುದು 1963ರ ಕೊನೆಯಲ್ಲಿ. ಜನರು ಸದಸ್ಯರನ್ನು ಆರಿಸುವರು. ಸದಸ್ಯರು ತಮ್ಮೊಳಗೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುವರು. ಮತ್ತೊಂದು ಚುನಾವಣೆ ನಡೆಯಬೇಕಾದ ಕಾಲಕ್ಕೆ ನಡೆಯಲಿಲ್ಲ. ಮುಂದೂಡುತ್ತ ಮುಂದೂಡುತ್ತ 1979 ಆಯಿತು. ಆದುದರಿಂದ ಆ ಕಾಲದ ಹದಿನೈದು ವರ್ಷದ ಅಧ್ಯಕ್ಷತೆಯೆಂದರೆ ಐದೈದು ವರ್ಷಕ್ಕೊಮ್ಮೆ ಜನರ ಮುಂದೆ ನಿಂತು ಮೂರು ಸಲ ಗೆದ್ದ ಲೆಕ್ಕವಲ್ಲವೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಪ್ರಿಯರಾದವರನ್ನು ಹೊಗಳುವ ಭರದಲ್ಲಿ ಚರಿತ್ರೆಯ ಲೆಕ್ಕ ತಪ್ಪಬಾರದು. ಮತದಾರರ ಪರೀಕ್ಷೆಯಿಲ್ಲದೆ ಅಷ್ಟು ದೀರ್ಘಕಾಲ ಪಂಚಾಯತಿಗಳು ನಡೆದುದು ಪ್ರಜಾಪ್ರಭುತ್ವಕ್ಕೆ ಶೋಭೆಯಲ್ಲ. ಆದರೆ ಪರೀಕ್ಷೆಯಿಲ್ಲದ ಕಾಲದಲ್ಲಿಯೇ ಮನುಷ್ಯನ ಸ್ವಭಾವವು ತಿಳಿಯುವುದು. ಮೇಲ್ವಿಚಾರಕರು ಬರುವ ದಿನ ಎಲ್ಲ ಉಪಾಧ್ಯಾಯರೂ ಚೆನ್ನಾಗಿಯೇ ಪಾಠ ಮಾಡುವೆವು. ಅವರು ಬಾರದ ದಿನ ನಾವು ಮಾಡುವ ಪಾಠವೇ ನಮ್ಮ ನಿಜವಾದ ಅಳತೆ.

ಗ್ರಾಮ ಪಂಚಾಯತಿಗೆ ಉಪಾಧ್ಯಾಯರನ್ನು ನೇಮಿಸುವ ಅಧಿಕಾರವಿರಲಿಲ್ಲ. ಶಾಲೆಗಳು ಇಲಾಖೆಯ ಅಥವಾ ಖಾಸಗಿ ಆಡಳಿತದ ಕೈಯಲ್ಲಿದ್ದವು. ಪಂಚಾಯತಿಯ ಕೆಲಸವೆಂದರೆ ದಾರಿ, ಬಾವಿ, ದೀಪ, ಕಾಲುಸಂಕ. ಮೇಲುನೋಟಕ್ಕೆ ಇವಕ್ಕೂ ಪಾಠಕ್ಕೂ ಸಂಬಂಧವಿಲ್ಲ. ಆದರೆ ಆ ಸೀಮೆಯ ಮಳೆಗಾಲವನ್ನು ಕಂಡವರಿಗೆ ಸಂಬಂಧ ತಿಳಿಯುತ್ತದೆ. ತೋಡು ತುಂಬಿ ಹರಿಯುವಾಗ ಕಾಲುಸಂಕವಿಲ್ಲದಿದ್ದರೆ ಆಚೆಯ ದಡದ ಮಗು ಶಾಲೆಗೆ ಬರುವುದಿಲ್ಲ. ಬಾರದ ಮಗುವಿಗೆ ಯಾವ ಭಾಷೆಯೂ ಬಾರದು. ಹಾಜರಿ ಪುಸ್ತಕ ಹಿಡಿಯುವವನಿಗೆ ಈ ಮಾತು ಗೊತ್ತು. ಕಡತ ಹಿಡಿಯುವವನಿಗೆ ಗೊತ್ತಾಗುವುದು ತಡ. ಎರಡನ್ನೂ ಒಬ್ಬನೇ ಹಿಡಿದರೆ ಊರಿಗೆ ಅದೊಂದು ಅನುಕೂಲ. ಅನುದಾನಿತ ಶಾಲೆಯ ಉಪಾಧ್ಯಾಯರು ಚುನಾವಣೆಗೆ ನಿಲ್ಲಲು ಕೇರಳದಲ್ಲಿ ಬಹುಕಾಲ ಅವಕಾಶವಿದ್ದುದು ಇದಕ್ಕೆ ನೆರವಾಯಿತು.

ಇನ್ನೊಂದು ಸಂಗತಿ ಭಾಷೆಯದು. ಸಾಮಾನ್ಯ ರೈತನಿಗೆ ಸರಕಾರವೆಂದರೆ ರಾಜಧಾನಿಯಲ್ಲ, ಪಂಚಾಯತಿ ಕಛೇರಿ. ಅಲ್ಲಿ ತನ್ನ ಭಾಷೆಯಲ್ಲಿ ಅರ್ಜಿ ಕೊಟ್ಟು ತನ್ನ ಭಾಷೆಯಲ್ಲಿ ಉತ್ತರ ಪಡೆದರೆ, ಈ ಭಾಷೆ ಕಲಿತುದು ವ್ಯರ್ಥವಲ್ಲವೆಂಬ ಧೈರ್ಯ ಅವನಿಗೆ ಬರುತ್ತದೆ. ಮಗುವನ್ನು ಕನ್ನಡ ಶಾಲೆಗೆ ಕಳುಹಿಸುತ್ತಾನೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿಯೇ ವ್ಯವಹರಿಸಬಹುದೆಂದು ಒಪ್ಪಿಕೊಂಡಿತು. ಕಾಯ್ದೆಯ ಅಕ್ಷರಕ್ಕೆ ಜೀವ ಬರುವುದು ಕಛೇರಿಯ ಕುರ್ಚಿಯಲ್ಲಿ ಆ ಭಾಷೆ ಬಲ್ಲವರು ಕುಳಿತಾಗ ಮಾತ್ರ.

ಅಧ್ಯಕ್ಷತೆಯ ನಡುವೆಯೂ ಪಾಠಪೀಠ ಬರಿದಾಗಲಿಲ್ಲ. ಶಾಲಾ ಮಕ್ಕಳಿಗಾಗಿ ರೈಗಳು ವಾಚನಮಾಲೆಗಳನ್ನೂ, ವ್ಯಾಕರಣ ಪ್ರಬಂಧಗಳ ಪುಸ್ತಕವನ್ನೂ ಸಿದ್ಧಪಡಿಸಿದವರು. 1969ರಲ್ಲಿ ಉತ್ತಮ ಉಪಾಧ್ಯಾಯರೆಂಬ ರಾಷ್ಟ್ರಪ್ರಶಸ್ತಿ ಅವರಿಗೆ ದೊರೆಯಿತು; 1977ರಲ್ಲಿ ಶಾಲೆಯಿಂದ ನಿವೃತ್ತರಾದರು. ಅದಕ್ಕಿಂತ ಗಮನಾರ್ಹವಾದುದೊಂದಿದೆ. ಕೇರಳದೊಡನೆ ಸೇರುವುದನ್ನು ಕಟುವಾಗಿ ವಿರೋಧಿಸಿದ ಇದೇ ಕವಿಯು ಮಲಯಾಳದ ಮಹಾಕವಿ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದರು. ತುಳುವಿನಲ್ಲಿಯೂ ಕವಿತೆ ಬರೆದರು. ಅವರ ಜಗಳ ಆಡಳಿತದೊಡನೆ, ಭಾಷೆಯೊಡನೆ ಅಲ್ಲ. ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಬರುವ ನಮ್ಮ ಸೀಮೆಗೆ ಇದಕ್ಕಿಂತ ಹಿತವಾದ ಪಾಠ ಯಾವುದು? ತಮಿಳನ್ನು ಚೆನ್ನಾಗಿ ಕಲಿತ ಕನ್ನಡದ ಮಗು ಕನ್ನಡಕ್ಕೆ ದ್ರೋಹ ಮಾಡಿದಂತಾಗಲಿಲ್ಲ. ಕನ್ನಡವನ್ನು ಬಿಟ್ಟರೆ ಮಾತ್ರ ನಷ್ಟ.

1997ರಲ್ಲಿ ಮಂಗಳೂರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ರೈಗಳು ಅಧ್ಯಕ್ಷರಾದರು. ನೂರು ವರ್ಷ ತುಂಬಿದ ಮೇಲೆ, 2015ರ ಆಗಸ್ಟ್ 9ರಂದು ತೀರಿಕೊಂಡರು. ಬಾಳಿನುದ್ದಕ್ಕೂ ಹಂಬಲಿಸಿದ ಗಡಿಯ ಬದಲಾವಣೆಯನ್ನು ಅವರು ಕಾಣಲಿಲ್ಲ. ಆ ಲೆಕ್ಕದಲ್ಲಿ ಅವರು ಸೋತವರು. ಆದರೆ ಅವರ ಕೈಕೆಳಗೆ ಕನ್ನಡ ಕಲಿತ ಮಕ್ಕಳು ಅಲ್ಲಿಯೇ ಬೆಳೆದರು. 2017ರಲ್ಲಿ ಕೇರಳದ ಶಾಸನವೊಂದು ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದಾಗ, ಕಾಸರಗೋಡಿನಲ್ಲಿ ಕನ್ನಡ ಮಕ್ಕಳ ಪರವಾಗಿ ದನಿಯೆತ್ತಲು ಜನರಿದ್ದರು. ಜನರೇ ಇಲ್ಲದಿದ್ದರೆ ದನಿಯೆಲ್ಲಿಯದು?

ಈಗ ನಮ್ಮ ಕಡೆಗೆ ಮರಳೋಣ. ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ಪ್ರತಿ ರಾಜ್ಯವೂ, ರಾಜ್ಯದೊಳಗಿನ ಪ್ರತಿ ಸ್ಥಳೀಯ ಅಧಿಕಾರ ಸಂಸ್ಥೆಯೂ ಯತ್ನಿಸಬೇಕೆನ್ನುತ್ತದೆ. ಸ್ಥಳೀಯ ಸಂಸ್ಥೆಯೆಂಬ ಮಾತನ್ನು ಓದುಗರು ಗಮನಿಸಬೇಕು. 2006ರಲ್ಲಿ ತಮಿಳುನಾಡಿನ ಕಾಯ್ದೆಯು ತಮಿಳನ್ನು ಮೊದಲ ಭಾಗದ ಭಾಷೆಯಾಗಿ ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯಗೊಳಿಸಿತು. 2016ರಲ್ಲಿ ಅದು ಹತ್ತನೆಯ ತರಗತಿಯ ಪರೀಕ್ಷೆಯನ್ನು ಮುಟ್ಟಿತು. ಆಗ ಹೊಸೂರು, ತಳಿ, ಡೆಂಕಣಿಕೋಟೆಗಳ ಕನ್ನಡ ಪೋಷಕರು ಕಳವಳಗೊಂಡರು. ಆದರೆ ಕಾಯ್ದೆ ಮೊದಲನೆಯ ತರಗತಿಯಲ್ಲಿದ್ದಾಗ ನಾವೆಲ್ಲಿದ್ದೆವು? ಹತ್ತು ವರ್ಷಗಳಲ್ಲಿ ಎಷ್ಟು ಗ್ರಾಮಸಭೆಗಳಲ್ಲಿ ಈ ಮಾತನ್ನೆತ್ತಿದೆವು? ಈ ಪ್ರಶ್ನೆಯನ್ನು ನಾವು ಅನ್ಯರಿಗಲ್ಲ, ನಮಗೇ ಕೇಳಿಕೊಳ್ಳಬೇಕು.

ಚುನಾವಣೆಯು ಕಾಲಕ್ಕೆ ಸರಿಯಾಗಿ ನಡೆಯದ ದೋಷ ಕೇರಳದ್ದು ಮಾತ್ರವಲ್ಲ. ತಮಿಳುನಾಡಿನಲ್ಲಿಯೂ 1970ರ ಬಳಿಕ ಸ್ಥಳೀಯ ಚುನಾವಣೆ ನಡೆದುದು 1986ರಲ್ಲಿ. ಐದು ವರ್ಷಕ್ಕೊಮ್ಮೆ ನಡೆಯಲೇಬೇಕೆಂಬ ಸಂವಿಧಾನದ ತಿದ್ದುಪಡಿ 1993ರಿಂದ ಜಾರಿಯಲ್ಲಿದ್ದರೂ, 2016ರಲ್ಲಿ ಮುಗಿದ ಗ್ರಾಮ ಪಂಚಾಯತಿಗಳ ಅವಧಿಗೆ ಮರುಚುನಾವಣೆ ನಡೆದುದು 2019ರ ಡಿಸೆಂಬರಿನಲ್ಲಿ. ಆ ಅವಧಿಯೂ 2025ರ ಜನವರಿಯಲ್ಲಿ ಮುಗಿದು ವಿಶೇಷಾಧಿಕಾರಿಗಳ ಆಡಳಿತ ಬಂದಿತು. ಪೀಠ ಬರಿದಾದಾಗ ಮೊದಲು ಮೌನವಾಗುವುದು ಅಲ್ಪಸಂಖ್ಯಾತರ ಕೊರಳು.

ಸರಕಾರಿ ಉಪಾಧ್ಯಾಯರಾದ ನಾವು ಚುನಾವಣೆಗೆ ನಿಲ್ಲುವಂತಿಲ್ಲ. ನಿಲ್ಲಬೇಕೆಂದೂ ನಾವು ಹೇಳುತ್ತಿಲ್ಲ. ಆದರೆ 2009ರ ಶಿಕ್ಷಣ ಹಕ್ಕಿನ ಕಾಯ್ದೆಯು ಪ್ರತಿ ಸರಕಾರಿ ಶಾಲೆಗೂ ಒಂದು ನಿರ್ವಹಣ ಸಮಿತಿಯನ್ನು ಕೊಟ್ಟಿದೆ. ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು. ಹಿಂದೆ ಕಂದಾಯ ಕೊಡುವ ಕೆಲವರಿಗಷ್ಟೆ ಸಿಕ್ಕುತ್ತಿದ್ದ ಬೋರ್ಡಿನ ಸ್ಥಾನವು ಇಂದು ಕೂಲಿಗೆ ಹೋಗುವ ತಾಯಿಯ ಮನೆಬಾಗಿಲಿಗೆ ಬಂದಿದೆ. ಸಭೆಯ ದಿನ ನಾಲ್ಕು ಜನ ಬಂದು ರುಜು ಹಾಕಿ ಹೋದರೆ ಸಾಕೆಂದು ನಾವು ಸುಮ್ಮನಾಗುವುದುಂಟು. ಇನ್ನು ಮುಂದೆ ಹಾಗಾಗದಿರಲಿ. ಆ ತಾಯಿಗೆ ನಿರ್ಣಯ ಪುಸ್ತಕವನ್ನು ಓದಿ ಹೇಳೋಣ. ಕನ್ನಡ ಉಪಾಧ್ಯಾಯರ ಸ್ಥಾನ ಖಾಲಿಯಿದ್ದರೆ, ಪಠ್ಯಪುಸ್ತಕ ಬಾರದಿದ್ದರೆ, ಅದನ್ನು ಅವಳ ಮಾತಿನಲ್ಲಿಯೇ ನಿರ್ಣಯವಾಗಿ ಬರೆಯಿಸೋಣ.

ವಿದ್ಯಾರ್ಥಿಗಳೇ, ನೀವು ದೊಡ್ಡವರಾದಾಗ ಊರಿನ ವಾರ್ಡಿನ ಸಣ್ಣ ಸ್ಥಾನವನ್ನು ಕೀಳೆಂದು ಎಣಿಸಬೇಡಿರಿ. ಕೋಟೆಯನ್ನು ಹಿಡಿಯಲು ಕೆಲವೇ ದಿನ ಸಾಕಾಯಿತು. ಶಾಲೆಯನ್ನು ಉಳಿಸಿಕೊಳ್ಳಲು ಪ್ರತಿದಿನವೂ ಒಬ್ಬರು ಬೇಕು.