ಪೊಟ್ಟಳಕೆರೆಯಿಂದ ಪಸ್ತಾಪುರಕ್ಕೆ: ದಾನವೂ ಬರಗಾಲದ ನೆನಪೂ

ಹೈದರಾಬಾದಿನ ವಾಯವ್ಯಕ್ಕಿರುವ ಪಟಾನ್‌ಚೆರುವನ್ನು ಶಾಸನೋಕ್ತ ಪೊಟ್ಟಳಕೆರೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ನೆಲೆವೀಡಾಗಿದ್ದ ಈ ಊರಿನ ಹೆಸರಿನಲ್ಲಿ ಅಂದು ಕನ್ನಡದ ‘ಕೆರೆ’ಯಿತ್ತು, ಇಂದು ತೆಲುಗಿನ ‘ಚೆರು’ ಇದೆ. ಮಳೆಯನ್ನು ನೆಚ್ಚಲಾಗದ ಈ ನಾಡಿನಲ್ಲಿ ಜನ ಬರವನ್ನು ಹೇಗೆ ದಾಟಿದರೆಂಬ ಅರಿವು ಉಳಿಯುವುದು ಹೇಳುವವರಿದ್ದರೆ ಮಾತ್ರ. ಹವಾಮಾನ ಬದಲಾಗುತ್ತಿರುವ ಇಂದು ಅಂತಹ ಕಥನಕ್ಕೆ ದಾನಿಗಳು ಹೇಗೆ ನೆರವಾಗಬೇಕೆಂಬ ಪ್ರಶ್ನೆ ಎದ್ದಿದೆ. ಇದನ್ನು ಕನ್ನಡದ ದಾನಪರಂಪರೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಾನಚಿಂತಾಮಣಿ ಅತ್ತಿಮಬ್ಬೆ ರನ್ನನಿಂದ ‘ಅಜಿತಪುರಾಣ’ವನ್ನು (993) ಬರೆಯಿಸಿದುದೂ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದುದೂ ಪ್ರಸಿದ್ಧ ಸಂಗತಿಗಳು. ಮೊದಲನೆಯದು ಕವಿಗೆ ಸಂದ ಆಶ್ರಯ. ಎರಡನೆಯದು ಕಾವ್ಯ ಓದುಗರನ್ನು ತಲುಪುವಂತೆ ಮಾಡಿದ ವ್ಯವಸ್ಥೆ. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದಾಧ್ಯಯನ ಮಾಡುವ 200 ಹಾಗೂ ಶಾಸ್ತ್ರಾಧ್ಯಯನ ಮಾಡುವ 50 ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಏರ್ಪಾಡು ಮಾಡಿದ್ದಲ್ಲದೆ, ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ನೇಮಿಸಲಾಗಿತ್ತು. ಗ್ರಂಥಕ್ಕಿಂತ ಗ್ರಂಥವನ್ನು ಕಾಯುವವನ ಜೀವನಕ್ಕೆ ನೆಲೆ ಬೇಕೆಂಬುದನ್ನು ಆ ದಾನಿ ಅರಿತಿದ್ದನೆನ್ನಬೇಕು. ಈ ವಿದ್ಯೆ ಎಲ್ಲರಿಗೂ ಎಟುಕುವಂಥದಾಗಿರಲಿಲ್ಲ ಎಂಬುದನ್ನೂ ನಾವು ಮರೆಯುವಂತಿಲ್ಲ.

ಆಧುನಿಕ ಕಾಲದ ದಾನ ಪಟಾನ್‌ಚೆರುವಿಗೆ ಬಂದುದು 1972ರಲ್ಲಿ. ಫೋರ್ಡ್ ಮತ್ತು ರಾಕ್‌ಫೆಲರ್ ಪ್ರತಿಷ್ಠಾನಗಳ ಉಪಕ್ರಮದಿಂದ ಇಲ್ಲಿ ಇಕ್ರಿಸ್ಯಾಟ್ ಎಂಬ ಅಂತಾರಾಷ್ಟ್ರೀಯ ಬೆಳೆ ಸಂಶೋಧನ ಸಂಸ್ಥೆ ಸ್ಥಾಪಿತವಾಯಿತು. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಮತ್ತು ಕಿರುಧಾನ್ಯಗಳ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಮೀರಿದ ಬೀಜಮಾದರಿಗಳು ಇದರ ಬೀಜಭಂಡಾರದಲ್ಲಿವೆ. 1975ರಲ್ಲಿ ತೊಡಗಿದ ಗ್ರಾಮಮಟ್ಟದ ಅಧ್ಯಯನಗಳು ಅಂದಿನ ಮಹಬೂಬ್‌ನಗರ ಜಿಲ್ಲೆಯ ಔರೇಪಲ್ಲೆ, ಸೊಲ್ಲಾಪುರದ ಶಿರಾಪುರ, ಅಕೋಲಾದ ಕಂಜರಾ ಮೊದಲಾದ ಊರುಗಳ ಮನೆಮನೆಯ ಬೇಸಾಯ, ಸಾಲ, ಆದಾಯಗಳನ್ನು ವರ್ಷಗಟ್ಟಲೆ ದಾಖಲಿಸಿದವು. ಇದರ ಬೆಲೆಯನ್ನು ಯಾರೂ ಕಡೆಗಣಿಸಲಾರರು. ಆದರೆ ಶೀತಲ ಕೋಣೆಯಲ್ಲಿ ಬೀಜ ಉಳಿಯುತ್ತದೆ. ಅದನ್ನು ಯಾವ ಮಳೆಗೆ, ಯಾವುದರ ಜೊತೆಗೆ ಅಕ್ಕಡಿಯಾಗಿ ಬಿತ್ತಬೇಕೆಂಬ ಅರಿವು ಬಿತ್ತುವವರ ಬಾಯಲ್ಲಿಯೇ ಉಳಿಯಬೇಕು.

ಅದೇ ಮುಂಬಯಿ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿದರೆ, ಬೀದರ ಗಡಿಗೆ ಹತ್ತಿರದ ಜಹೀರಾಬಾದ್ ಬಳಿ ಪಸ್ತಾಪುರವಿದೆ. ಇಲ್ಲಿಯ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಲ್ಲಿ ಆರಂಭವಾಯಿತು. ಇದರ ಸ್ಥಾಪಕರಲ್ಲೊಬ್ಬರಾದ ಪಿ.ವಿ. ಸತೀಶ್ (1945–2023) ಮೈಸೂರಿನವರು, ದೂರದರ್ಶನದಲ್ಲಿ ದುಡಿದವರು. ದಲಿತ ಮಹಿಳೆಯರ ಸಂಘಗಳು ನಾಡತಳಿಗಳನ್ನು ಉಳಿಸಿಕೊಂಡವು. ಎತ್ತಿನ ಗಾಡಿಗಳಲ್ಲಿ ಬೀಜಗಳನ್ನು ಹೇರಿಕೊಂಡು ಊರೂರು ಸುತ್ತುವ ಜಾತ್ರೆಯನ್ನು ನಡೆಸಿದವು. ಯುನೆಸ್ಕೋ ನೆರವಿನಿಂದ ಮಾಚನೂರಿನಲ್ಲಿ ಧ್ವನಿಮುದ್ರಣ ಕೇಂದ್ರ ಸಿದ್ಧವಾದರೂ ಪ್ರಸಾರದ ಪರವಾನಗಿಗಾಗಿ ವರ್ಷಗಳ ಕಾಲ ಕಾಯಬೇಕಾಯಿತು. ಆ ಅವಧಿಯಲ್ಲಿ ಧ್ವನಿಸುರುಳಿಗಳನ್ನು ಸಂಘದ ಸಭೆಗಳಲ್ಲಿ ಕೇಳಿಸಲಾಗುತ್ತಿತ್ತು. 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ ಪ್ರಸಾರ ತೊಡಗಿತು. 2019ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸಂದಿತು. ಇಲ್ಲಿ ಬಿತ್ತುವವಳೇ ಹೇಳುವವಳು, ಆಕೆಯ ಆಡುನುಡಿಯೇ ಮಾಧ್ಯಮ ಎಂಬುದು ಗಮನಾರ್ಹ. ನಾಗಾವಿಯ ಭಂಡಾರದಿಂದ ಹೊರಗುಳಿದವರೇ ಇಲ್ಲಿ ಭಂಡಾರಿಗರಾದರು.

ಇವುಗಳಿಂದ ನಾವು ಕೆಲವು ನಿಲುವುಗಳಿಗೆ ಬರಬಹುದಾಗಿದೆ. ದಾನವು ಒಂದು ಚಿತ್ರಕ್ಕೋ ಪುಸ್ತಕಕ್ಕೋ ಮುಗಿಯದೆ ಹೇಳುವವರ, ಕಾಯುವವರ ಜೀವನವನ್ನು ಆಧರಿಸಬೇಕು. ಅದರ ಅವಧಿ ದಾನಿಯ ವಾರ್ಷಿಕ ವರದಿಗಿಂತ ದೀರ್ಘವಾಗಿರಬೇಕು. ಬರಗಾಲಗಳು ವರದಿಯ ವರ್ಷವನ್ನು ನೋಡಿ ಬರುವುದಿಲ್ಲ. ಧ್ವನಿಮುದ್ರಿಕೆಗಳ ಒಡೆತನ ಹೇಳಿದವರಲ್ಲೇ ಇರಬೇಕು. ಸೋತ ಬೆಳೆಯ ಕಥೆ ಗೆದ್ದ ಬೆಳೆಯ ಕಥೆಯಷ್ಟೇ ಕಲಿಸಬಲ್ಲದಾದ್ದರಿಂದ, ಯಶಸ್ಸಿನ ಕಥೆಯನ್ನಷ್ಟೇ ಬಯಸುವ ದಾನವು ಬರಗಾಲದ ಅನುಭವದ ಅರ್ಧವನ್ನು ಅಳಿಸಿಬಿಡುತ್ತದೆ. ಶಾಸನದ ದಾನಿಗಳು ಭೂಮಿಯನ್ನು ಬಿಟ್ಟು, ಮುಂದೆ ಅದನ್ನು ಪಾಲಿಸುವ ಹೊಣೆಯನ್ನೂ ಕಲ್ಲಿನಲ್ಲಿ ಬರೆಯಿಸಿದರು. ಇಂದಿನ ದಾನಪತ್ರಗಳಲ್ಲಿ ಇಲ್ಲದಿರುವುದು ಆ ಪಾಲನೆಯ ಮಾತು.